ಬಲಹುಬ್ಬಿನ ಪಾಲು

ಪರದೆಯ ಮೇಲಿನ ಗೆರೆ ಒಮ್ಮೆ ಎದ್ದು ಮಲಗಿತು. ಅಂದರೆ ಗೋಡೆಯ ಆಚೆ, ತೀವ್ರ ನಿಗಾ ಘಟಕದ ಮೂಲೆಯ ಮಂಚದಲ್ಲಿ, ಅಕ್ಕ ಕಸ್ತೂರಿಯ ಬಲಹುಬ್ಬು ಏರಿ ಇಳಿದಿತ್ತು. ಅಕ್ಕನ ಗಂಡ, ಮಾಮಾ, ಏನೋ ಹೇಳಿರಬೇಕು ಅಂದುಕೊಂಡಳು ಶಾಂಭವಿ. ನೋಡಬಾರದೆಂದು ಗಟ್ಟಿ ಮಾಡಿಕೊಂಡಿದ್ದರೂ ಅವಳ ಕಣ್ಣು ಗೆರೆಯ ಕೆಳಗಿದ್ದ ಸಣ್ಣ ಪಟ್ಟಿಯ ಕಡೆ ಹೋಯಿತು. ಎರಡು ಬಣ್ಣದ ಪಟ್ಟಿ ಅದು. ನೀಲಿ ಎಂದರೆ ಮಿದುಳಿನ ಪಾಲು, ಬೂದು ಎಂದರೆ ಯಂತ್ರದ ಪಾಲು. ಈ ತುದಿಯಿಂದ ಆ ತುದಿಯವರೆಗೆ ಪಟ್ಟಿ ಬೂದಾಗಿತ್ತು.

"ನೋಡಬ್ಯಾಡ ಅಂದಿದ್ದೆ ನಿನಗ," ಅಂದಳು ಪಕ್ಕದ ಕುರ್ಚಿಯ ನಫೀಸಾ. ಪರದೆಗಳನ್ನು ಕಾಯುವ ಈ ಕೋಣೆಯಲ್ಲಿ ಅವಳೇ ಹಿರಿಯಳು; ಶಾಂಭವಿಗೆ ಕೆಲಸ ಕಲಿಸಿದವಳು. "ಮನಿ ಮಂದೀದು ನೋಡಬಾರದು. ಬೇಕಂದ್ರ ನಾ ಕೂಡ್ತೇನಿ, ನೀ ಹೋಗಿ ಚಾ ಕುಡಿ."

"ಕುಡದೇನಿ."

"ಮುಖ ನೋಡಿದ್ರ ವಾರದಿಂದ ಏನೂ ಕುಡದಂಗಿಲ್ಲ."

ಶಾಂಭವಿ ನಗಬೇಕೆಂದುಕೊಂಡಳು. ಕೆನ್ನೆಗಳು ಕದಲಲಿಲ್ಲ. ಕೆಲವು ತಿಂಗಳಿಂದ ಅವಳ ಮುಖ ಹೀಗೆಯೇ. ಹಲ್ಲಿನ ಡಾಕ್ಟರು ಚುಚ್ಚಿ ಕಳಿಸಿದ ಮೇಲೆ ತುಟಿ ಎಲ್ಲಿದೆಯೆಂದು ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಇಡೀ ಮುಖಕ್ಕೆ ಅಂಥ ಜೋಮು.

ಗೋಡೆಯಾಚೆಯ ಮಂಚಗಳಲ್ಲಿ ಕೆಲವರ ಕಿವಿಯ ಹಿಂದೆ, ಚರ್ಮದ ಕೆಳಗೆ, ಕಡಲೆಬೀಜದಷ್ಟು ಉಬ್ಬಿತ್ತು. ಅದು ಸೇತು. ಅದನ್ನು ಮಾಡಿದ ಯೋಚನೆ ಸರಳವಾದದ್ದು. ಮಿದುಳಿನಿಂದ ಹನ್ನೆರಡು ಜೊತೆ ಕಪಾಲ ನರಗಳು ಹೊರಡುತ್ತವೆ. ಮೊದಲ ಎರಡು, ವಾಸನೆಯದು ಮತ್ತು ನೋಟದ್ದು, ಮುಮ್ಮೆದುಳಿಗೇ ಸೇರಿದವು. ಉಳಿದವುಗಳ ಬೇರುಗಳು ಬಹುತೇಕ ಮಿದುಳಿನ ಕಾಂಡದಲ್ಲಿವೆ. ಹೆಬ್ಬೆರಳಿನಷ್ಟು ದಪ್ಪದ ಕಾಂಡ ಅದು. ಕಣ್ಣು ಹೊರಳಿಸು, ಅಗಿ, ನಗು, ನುಂಗು, ನಾಲಗೆ ಚಾಚು ಎಂದು ಮೇಲಿನ ಮಿದುಳು ಕೊಡುವ ಆಜ್ಞೆಗಳೆಲ್ಲ ಆ ಇಕ್ಕಟ್ಟಿನ ದಾರಿಯಲ್ಲೇ ಇಳಿದು ಬರಬೇಕು. ಅಲ್ಲೊಂದು ರಕ್ತನಾಳ ಕಟ್ಟಿಕೊಂಡರೆ ಮೇಲೆ ಯೋಚನೆ ನಡೆಯುತ್ತಲೇ ಇರುತ್ತದೆ, ಕೆಳಗೆ ನರಗಳು ನೆಟ್ಟಗೇ ಇರುತ್ತವೆ, ನಡುವೆ ದಾರಿ ಮುಚ್ಚಿರುತ್ತದೆ. ಒಳಗಿನ ಮನುಷ್ಯ ಒಳಗೇ ಉಳಿಯುತ್ತಾನೆ. ಸೇತು ಮಿದುಳಿನ ಮೇಲ್ಪದರದಲ್ಲಿ ಹಾಸಿದ ತಂತಿಬಲೆಯಿಂದ ಆಜ್ಞೆಯನ್ನು ಆಲಿಸಿ, ಮುಚ್ಚಿದ ದಾರಿಯನ್ನು ಬಿಟ್ಟು ಬಳಸಿಕೊಂಡು ಹೋಗಿ ನರಕ್ಕೆ ಮುಟ್ಟಿಸುತ್ತಿತ್ತು.

ಆದರೆ ಪೆಟ್ಟು ತಿಂದ ಮಿದುಳಿನ ಆಜ್ಞೆ ಹೆಚ್ಚಾಗಿ ಅರ್ಧಂಬರ್ಧ. ಅರ್ಧ ಆಜ್ಞೆಗೆ ಅರ್ಧ ನಗು ಮೂಡಿದರೆ ನೋಡುವವರು ಹೆದರುತ್ತಾರೆ. ಮೊಬೈಲಿನಲ್ಲಿ ಎರಡಕ್ಷರ ಒತ್ತಿದರೆ ಉಳಿದ ಪದ ತಾನಾಗಿ ಬರುವ ಹಾಗೆ, ಸೇತು ಮನುಷ್ಯನ ರೂಢಿಗಳನ್ನು ಕಲಿತು ಉಳಿದದ್ದನ್ನು ತುಂಬಿಕೊಡುತ್ತಿತ್ತು. ಸುತ್ತಲಿನ ಮಾತು ಕೇಳಲು ಅದಕ್ಕೊಂದು ಪುಟ್ಟ ಕಿವಿಯೂ ಇತ್ತು. ಯಾವ ಧ್ವನಿಗೆ ಈಕೆ ನಗುತ್ತಾಳೆ, ಯಾವುದಕ್ಕೆ ತುಟಿ ಬಿಗಿಯುತ್ತಾಳೆ ಎಂಬುದೆಲ್ಲ ಅದಕ್ಕೆ ಗೊತ್ತು. ದಿನ ಕಳೆದಂತೆ ಅದರ ಪಾಲು ಹೆಚ್ಚುತ್ತಿತ್ತು. ಎಷ್ಟು ಹೆಚ್ಚಿತೆಂಬುದು ಈ ಕೋಣೆಯ ಪರದೆಗಳಲ್ಲಿ ಮಾತ್ರ ಕಾಣುತ್ತಿತ್ತು. ಡಾಕ್ಟರಿಗೆ ಹೇಳಬೇಕು, ಮನೆಯವರಿಗೆ ಮಾತ್ರ ಪಾಲು ಹೇಳಬಾರದು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ ಅದು. ಈ ಕೆಲಸ ಮಾಡುವವರು ಒಬ್ಬರಿಗೊಬ್ಬರು ಹೇಳಿಕೊಟ್ಟ ನಡವಳಿಕೆ. ನಫೀಸಾ ಒಮ್ಮೆ ಒಬ್ಬ ರೋಗಿಯ ಮಗನಿಗೆ ಹೇಳಿದ್ದಳಂತೆ. ಆಮೇಲೆ ಆ ಮಗ ತಾಯಿ ನಕ್ಕಾಗಲೆಲ್ಲ ಓಡಿಬಂದು "ಇದು ಎಷ್ಟು ಆಕೀದು?" ಎಂದು ಕೇಳತೊಡಗಿದ. ಕಡೆಗೆ ತಾಯಿಯ ಮುಖವನ್ನೇ ನೋಡುವುದನ್ನು ಬಿಟ್ಟ.

"ನಗೂನೂ ತೂಗಿ ಕೊಡಾಕ ನಾವೇನು ಕಿರಾಣಿ ಅಂಗಡಿ ಇಟ್ಟೇವೇನು?" ಎನ್ನುತ್ತಿದ್ದಳು ನಫೀಸಾ.

*

ಕಸ್ತೂರಿ ಹುಬ್ಬಳ್ಳಿಯ ಹಳೇ ಭಾಗದಲ್ಲಿ, ಮನೆಯ ಹೊರಕೋಣೆಯಲ್ಲೇ ಬ್ಲೌಸು ಹೊಲಿಯುತ್ತಿದ್ದವಳು. ಕೆಲಸಕ್ಕೆ ಕೂತರೆ ತುಟಿಗಳ ನಡುವೆ ಗುಂಡುಪಿನ್ನುಗಳ ಸಾಲು. ಬಾಯಿ ತೆರೆಯುವಂತಿಲ್ಲ. ಅವಳ ಗಂಡ ಫಕೀರಪ್ಪ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಡ್ರೈವರನ ಜೊತೆ ಮಾತಾಡಬಾರದೆಂಬ ಬೋರ್ಡಿನ ಕೆಳಗೆ ಕೂತಿದ್ದು, ಮನೆಗೆ ಬಂದ ಕೂಡಲೇ ಒಟ್ಟುಮಾಡಿ ತಂದದ್ದನ್ನೆಲ್ಲ ಸುರಿಯುತ್ತಿದ್ದ. ಅದಕ್ಕೆಲ್ಲ ಅವಳ ಉತ್ತರ ಒಂದು ಹುಬ್ಬು. ಹೌದೇನು? ಸುಳ್ಳು. ಸಾಕು, ಊಟಕ್ಕೇಳು. ಎಲ್ಲವನ್ನೂ ಅದೊಂದೇ ಹೇಳುತ್ತಿತ್ತು, ಅವನಿಗೆ ಎಲ್ಲ ಬೇರೆಬೇರೆಯಾಗಿ ತಿಳಿಯುತ್ತಿತ್ತು.

ಕಾಂಡದಲ್ಲಿ ರಕ್ತ ಹೆಪ್ಪುಗಟ್ಟಿದ ದಿನವೂ ಅವಳ ಬಾಯಲ್ಲಿ ಪಿನ್ನುಗಳಿದ್ದವು. ಒಂದೊಂದೇ ಉದುರಿದವಂತೆ. ಹೊಲಿಸಲು ಬಂದಿದ್ದ ಹೆಂಗಸು ಮೊದಲು ಬಗ್ಗಿ ಅವನ್ನೇ ಆರಿಸಿದಳಂತೆ.

ಸಾಮಾನ್ಯವಾಗಿ ಇಂಥವರಿಗೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವಷ್ಟಾದರೂ ಉಳಿಯುತ್ತದೆ. ಕಸ್ತೂರಿಗೆ ಪೆಟ್ಟು ಮೂರನೆಯ ನರದ ಬೇರಿನವರೆಗೂ ಏರಿತ್ತು. ರೆಪ್ಪೆಯೂ ಏಳಲಿಲ್ಲ. ಸೇತು ಕೂಡಿಸಿದರು. ಕೂಡಿಸಿದ ಮೇಲೆ ಅದಕ್ಕೊಂದು ಮಾದರಿ ಮುಖ ಬೇಕು. ರೋಗಿಯ ಮುಖ ಸ್ತಬ್ಧವಾಗಿರುವುದರಿಂದ ರಕ್ತಸಂಬಂಧಿಯೊಬ್ಬರ ಮುಖಕ್ಕೆ ತಂತಿ ಅಂಟಿಸಿ, ನಗಿಸಿ, ಸಿಡುಕಿಸಿ, ಸ್ನಾಯುಗಳ ನಡೆಯನ್ನು ಬರೆದುಕೊಳ್ಳುವುದು ಪದ್ಧತಿ. ಕಸ್ತೂರಿಗೆ ಇದ್ದವಳು ತಂಗಿಯೊಬ್ಬಳೇ. ಶಾಂಭವಿ ತನ್ನ ಕೋಣೆಯಲ್ಲೇ ಕನ್ನಡಿಯ ಮುಂದೆ ಕೂತು ಅಕ್ಕನ ಮುಖಗಳನ್ನೆಲ್ಲ ಒಂದೊಂದಾಗಿ ಮಾಡಿ ಕೊಟ್ಟಳು. ಹುಬ್ಬನ್ನು ಕಡೆಗೆ ಮಾಡಿದಳು. ಅದು ಅವಳಿಗೆ ಸಣ್ಣವಳಿದ್ದಾಗಿನಿಂದ ಬರುತ್ತಿತ್ತು. ಅಕ್ಕನ ಎದುರು ಕೂತು ಪಿನ್ನು ಎತ್ತಿಕೊಡುತ್ತ ಕಲಿತದ್ದು.

"ಹಣೀ ಒಂದು ಭಾಳ ಗಟ್ಟಿ ನೋಡು," ಅಂದಿದ್ದಳು ಆಗ ನಫೀಸಾ. "ಗಲ್ಲ, ತುಟಿ ಎಲ್ಲಾ ಮಿದುಳಿನ ಒಂದ ಬದಿ ಮಾತು ಕೇಳ್ತಾವ. ಹಣಿಗೆ ಮಾತ್ರ ಎರಡೂ ಬದಿಯಿಂದ ಅಪ್ಪಣಿ ಬರ್ತೈತಿ. ಒಬ್ಬ ಯಜಮಾನ ಮಲಗಿದ್ರೂ ಇನ್ನೊಬ್ಬ ಇರ್ತಾನ."

ಕಸ್ತೂರಿಯನ್ನು ಮನೆಗೆ ತಂದ ಮೊದಲ ಸಂಜೆ ಫಕೀರಪ್ಪ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು, ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕುರಿಮರಿಗೂ ಅರ್ಧ ಟಿಕೀಟು ಕೇಳಿದ ಕಂಡಕ್ಟರನ ಕಥೆ ಹೇಳಿದ. ಕಸ್ತೂರಿಯ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಆಮೇಲೆ ಹುಬ್ಬು ಏರಿತು. ಅವನು ಒಂದು ಗಳಿಗೆ ಸುಮ್ಮನೆ ನೋಡಿದ. ಆ ನೋಟದಲ್ಲಿ ಏನೋ ಲೆಕ್ಕ ತಪ್ಪಿದಂತಿತ್ತು. ಖುಷಿಗೆ ಹಾಗಾಗಿರಬೇಕೆಂದುಕೊಂಡಳು ಶಾಂಭವಿ. ಮರುದಿನ ಕೋಣೆಯ ಪರದೆಯಲ್ಲಿ ನೋಡಿದಾಗ ಆ ಸಂಜೆಯ ಪಟ್ಟಿ ಮುಕ್ಕಾಲು ನೀಲಿ ಇತ್ತು. ಅವಳು ಎರಡು ಸಲ ನೋಡಿಕೊಂಡಿದ್ದಳು.

ಆ ಮನೆ ಅದಕ್ಕೆ ಒಗ್ಗಿಕೊಂಡಿತು. ಬೆಳಗಿನ ಪಾಳಿ ಮುಗಿಸಿ ಬಂದು ಅವನು ರಾಗಿ ಅಂಬಲಿ ತಿನ್ನಿಸುವನು, ಒಂಬತ್ತು ಹತ್ತನೆಯ ನರಗಳನ್ನು ಸೇತು ಮೀಟಿ ನುಂಗಿಸುವುದು. ಶಾಂಭವಿ ಕೆಲಸ ಮುಗಿಸಿ ಅಲ್ಲೇ ಬಂದು ಅಕ್ಕನ ತಲೆ ಬಾಚುವಳು. ನೆರೆಯವರು ಬಂದು "ಕಸ್ತೂರಕ್ಕಾ, ಈ ತೋಳಿಗೆ ಬಾರ್ಡರ್ ಇರ್ಲೇನು?" ಎಂದು ಬಟ್ಟೆ ತೋರಿಸಿ, ಹುಬ್ಬು ನೋಡಿ ಹೋಗುವರು.

ಮಳೆಗಾಲದಲ್ಲಿ ನೀಲಿ ಇಳಿಯಿತು. ಕಾಂಡದಲ್ಲಿ ಸಣ್ಣಸಣ್ಣ ನಾಳಗಳು ಸದ್ದಿಲ್ಲದೆ ಮುಚ್ಚುತ್ತಿರಬಹುದು ಅಂದರು ಡಾಕ್ಟರು. ಮಿದುಳಿನ ಅಲೆಗಳು ಇನ್ನೂ ಕಾಣುತ್ತಿವೆ, ನಿದ್ದೆಯಂಥ ಸ್ಥಿತಿ ಇರಬಹುದು, ಕಾದು ನೋಡೋಣ ಅಂದರು. ಕಾದಷ್ಟೂ ನೀಲಿ ಕೂದಲೆಳೆಯಷ್ಟಾಗಿ, ಒಂದು ದಿನ ಅದೂ ಇಲ್ಲವಾಯಿತು. ಶಾಂಭವಿ ಪಟ್ಟಿ ನೋಡುವುದನ್ನು ಬಿಟ್ಟಳು. ತಲೆ ಬಾಚುವುದನ್ನು ಬಿಡಲಿಲ್ಲ. ಅವಳ ಮುಖಕ್ಕೆ ಜೋಮು ಹತ್ತಿದ್ದು ಅದೇ ದಿನಗಳಲ್ಲಿ.

ದೀಪಾವಳಿಯ ಪಾಡ್ಯದ ದಿನ ಫಕೀರಪ್ಪ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತ. ಕಣ್ಣುಗಳು ಒದ್ದೆಯಾಗಿದ್ದವು, ಬಾಯಿ ನಗುತ್ತಿತ್ತು.

"ಇವತ್ತ ಕೇಳೇಬಿಟ್ಟೆ ನೋಡು," ಅಂದ. "ಹಿಂಗ ಬಿದ್ದಿರೂದು ಸಾಕಾತೇನ ನಿನಗ, ಖರೇ ಹೇಳು ಅಂದೆ. ಆಕಿ ಏನ್ ಮಾಡಿದ್ಲು ಅಂತಿ?"

ಶಾಂಭವಿ ಒಲೆಯ ಉರಿ ಸಣ್ಣ ಮಾಡಿದಳು.

"ಏರಿಸಿದ್ಲು. ಹುಚ್ಚ ಏನ್ ನೀ, ಅಂದಂಗ. ಇನ್ನ ಆ ಮಾತು ಎತ್ತಂಗಿಲ್ಲಪಾ ನಾನು."

ಅವನು ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಹೋದ. ಆಗ ಹೇಳಬಹುದಿತ್ತು. ಅವಳು ಕಾವಲಿಯ ಮೇಲಿದ್ದ ಹೋಳಿಗೆಯನ್ನು ಮಗುಚಿ ಹಾಕಿದಳು.

*

ಎರಡನೆಯ ಪೆಟ್ಟು ದೊಡ್ಡದು. ಈ ಸಲ ಉಸಿರಿನ ಯಂತ್ರ ಹಾಕಬೇಕಾಯಿತು. ಮಿದುಳಿನ ಅಲೆಗಳು ಚಪ್ಪಟೆಯಾದವು. ಡಾಕ್ಟರ್ ಪದ್ಮರಾಜ ಮಿದುಳು ಸತ್ತಿದೆಯೇ ಎಂಬ ಪರೀಕ್ಷೆಗೆ ಬಂದರು. ಆ ಪರೀಕ್ಷೆ ಎಂದರೆ ಕಪಾಲ ನರಗಳ ಬಾಗಿಲನ್ನು ಒಂದೊಂದಾಗಿ ತಟ್ಟುವುದು. ಎಲ್ಲಿಂದಲೂ ಉತ್ತರ ಬರದಿದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ.

ಟಾರ್ಚು ಬಿಟ್ಟರು. ಕಣ್ಣಿನ ಪಾಪೆ ಕುಗ್ಗಲಿಲ್ಲ; ಅದೊಂದು ಮಾತ್ರ ಸೇತುವಿನ ಕೈಗೆ ಸಿಗದ್ದು. ಹತ್ತಿಯ ಎಳೆಯಿಂದ ಕಣ್ಣಿನ ಅಂಚು ಮುಟ್ಟಿದರು. ರೆಪ್ಪೆ ಮುಚ್ಚಿತು. ಗಂಟಲಿಗೆ ಕಡ್ಡಿ ತಾಗಿಸಿದರು, ಗಂಟಲು ಬಿಗಿಯಿತು. ಕಾಲ ಬಳಿ ನಿಂತಿದ್ದ ಫಕೀರಪ್ಪ "ಹಗೂರ್ರಿ ಸಾಹೇಬ್ರ, ಆಕಿಗೆ ತ್ರಾಸಾಗ್ತೈತಿ" ಅಂದ. ಕಸ್ತೂರಿಯ ಹುಬ್ಬು ಏರಿತು.

ಡಾಕ್ಟರು ಕಡ್ಡಿ ಕೆಳಗಿಟ್ಟರು. ಹೊರಗೆ ಬಂದು ಶಾಂಭವಿಗೆ ಹೇಳಿದರು: "ನೋಡಮ್ಮ, ನಾನು ಕೇಳ್ತಿರೋದು ಅವರನ್ನು, ಉತ್ತರ ಕೊಡ್ತಿರೋದು ನಿಮ್ಮ ಯಂತ್ರ. ಅದು ಇರೋವರೆಗೆ ಅವರು ಇದ್ದಾರೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಸೇತುವನ್ನ ಆರಿಸ್ಬೇಕು. ಮನೆಯವರು ಹೂಂ ಅನ್ಬೇಕು. ನೀವೇ ಮಾತಾಡಿ."

ಕ್ಯಾಂಟೀನಿನ ಹಿಂದೆ, ಆಸ್ಪತ್ರೆಯ ಬಟ್ಟೆಗಳನ್ನು ಒಣಹಾಕುವ ಜಾಗದಲ್ಲಿ ಒಂದು ಕಲ್ಲುಬೆಂಚಿತ್ತು. ಮಧ್ಯಾಹ್ನದ ಬಿಸಿಲು. ಹಸಿರು ಚಾದರಗಳು ಸಾಲಾಗಿ ನೇತಾಡುತ್ತಿದ್ದವು. ಫಕೀರಪ್ಪ ಎರಡು ಚಾ ಹಿಡಿದು ಬಂದು ಒಂದನ್ನು ಅವಳ ಕೈಗೆ ಕೊಟ್ಟ.

"ಆರಿಸ್ರಿ ಅಂತಾರ ಅವ್ರು," ಅಂದ. "ಹೆಂಗ್ ಆರಿಸೂದು? ಬೆಳಿಗ್ಗಿ ಮಾತಾಡಿಸಿದ್ರ ಏರಿಸಿದ್ಲು. ನೀ ಒಳಗ ಕೂತು ನೋಡಿರಬೇಕಲ್ಲ?"

"ನೋಡೇನಿ ಮಾಮಾ."

"ಮತ್ತ?"

ಅವಳ ಬಾಯಿಗೆ ಬಂದದ್ದು ಅವನ ಪ್ರಶ್ನೆಗೆ ಸಂಬಂಧವಿಲ್ಲದ್ದು. "ಆ ಹುಬ್ಬು ನನ್ನ ಮುಖದಿಂದ ತಗೊಂಡದ್ದು. ನಿಮಗ ಹೇಳಿರಲಿಲ್ಲ."

"ಅದಾ?" ಫಕೀರಪ್ಪ ಚಾ ಊದಿದ. "ಅದು ಮೊದಲನೇ ದಿನಾನ ಗೊತ್ತಾತು. ಆಕಿ ಏರಿಸ್ತಿದ್ದು ಎಡಗಡೇದು."

ಶಾಂಭವಿ ಕಪ್ಪನ್ನು ಬೆಂಚಿನ ಮೇಲಿಟ್ಟಳು. ಎದುರು ಕೂತ ಅಕ್ಕನನ್ನು ನೋಡಿ ಕಲಿತ ಹುಬ್ಬು. ಎದುರು ಕೂತದ್ದರಿಂದ, ಕನ್ನಡಿಯಲ್ಲಿ ಕಂಡಂತೆ, ಬದಿ ಅದಲುಬದಲಾಗಿತ್ತು. ಇಷ್ಟು ವರ್ಷ ಅದೇ ಅಕ್ಕನ ಹುಬ್ಬೆಂದುಕೊಂಡಿದ್ದಳು. ಆ ತಪ್ಪನ್ನೇ ತಂತಿ ಹಚ್ಚಿ ಅಕ್ಕನ ಹಣೆಗೆ ಕೂಡಿಸಿದ್ದಳು.

"ಮತ್ತ ಯಾಕ ಹೇಳಲಿಲ್ಲ ನೀವು?"

"ಅಷ್ಟು ಕಷ್ಟಪಟ್ಟು ಕೂಡಿಸಿದ್ದಿ. ಬಿಚ್ಚಿ ಮತ್ತ ಹೊಲಿ ಅಂತ ಹೆಂಗ ಅನ್ಲಿ? ಬ್ಲೌಸಿನ ತೋಳು ಆ ಕಡೇದು ಈ ಕಡೆ ಆದ್ರೂ ಹಾಕ್ಕೊಂಡಾಕಿ ಆಕೀನ ಅಲ್ಲ?" ಅವನು ಒಣಗುವ ಚಾದರಗಳನ್ನೇ ನೋಡುತ್ತಿದ್ದ. "ಹುಬ್ಬು ನಿಂದರ ಇರ್ಲಿ, ಏರಸಾಕಿ ಆಕಿ ಇದ್ಲು." ಅವಳ ಕಡೆ ತಿರುಗಿದ. "ಇದ್ಲಲ್ಲ?"

ಪಾಲು ಹೇಳಬಾರದು. ನಫೀಸಾ ಹೇಳಿಕೊಟ್ಟ ಮೊದಲ ಪಾಠ ಅದು. ಶಾಂಭವಿ ತಾನೂ ಹೊಸಬರಿಗೆ ಅದನ್ನೇ ಹೇಳಿಕೊಟ್ಟಿದ್ದಳು. ಚಾದರವೊಂದು ಗಾಳಿಗೆ ಉಬ್ಬಿ ಇಳಿಯಿತು.

"ಮಳಿಗಾಲದ ತನಕ ಆಕೀನ ಇದ್ಲು ಮಾಮಾ," ಅಂದಳು.

ಅವನು ತಲೆಯಾಡಿಸಿದ. ಅವನ ಚಾದ ಮೇಲೆ ಕೆನೆ ಕಟ್ಟಿತು.

"ಮಳಿಗಾಲ," ಅಂದ. "ದೀಪಾವಳಿ ಅದರ ಆಮ್ಯಾಲೆ ಬರ್ತೈತಿ."

"ಹೌದು."

"ಹಂಗಾರ ಅವತ್ತ ನಾ ಯಾರನ್ನ ಕೇಳಿದೆ?"

ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಅವನೂ ಅಳುತ್ತಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

"ಹುಬ್ಬು ನಿಂದು," ಅಂದ ಫಕೀರಪ್ಪ. "ನಿನ್ನನ್ನ ಕೇಳಿದಂಗಾತು. ಹಂಗಾರ ನೀನ ಹೇಳು." ಅವನು ಮುಖ ಹತ್ತಿರ ತಂದು, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಾಗಿನ ಅದೇ ಸಣ್ಣ ದನಿಯಲ್ಲಿ ಕೇಳಿದ. "ಸಾಕಾತೇನ ಆಕಿಗೆ?"

ಅವನು ಅವಳ ಬಲಹುಬ್ಬನ್ನು ನೋಡುತ್ತ ಕಾದ. ರೈಲ್ವೆ ಗೇಟು ಬಿದ್ದಲ್ಲಿ ಇಂಜಿನು ಆರಿಸಿ ಕೂತ ಡ್ರೈವರನ ಹಾಗೆ, ಅವಸರವಿಲ್ಲದೆ. ಅದು ಏರಿದರೆ ಅವನು ಎದ್ದು ಹೋಗಿ ಆರಿಸುವುದು ಬೇಡ ಎನ್ನುತ್ತಿದ್ದ. ಅವಳಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಹಣೆ ಕಲ್ಲಿನ ಹಾಗೆ ಇತ್ತು. ಏರಿಸಬೇಕೆಂದು ಅವಳಿಗೆ ಅನ್ನಿಸಿತೋ ಇಲ್ಲವೋ ಅದೂ ಅವಳಿಗೆ ತಿಳಿಯಲಿಲ್ಲ. ಹುಬ್ಬು ಏಳಲಿಲ್ಲ.

"ಆತು," ಅಂದು ಅವನು ಎದ್ದ. ಇಬ್ಬರ ಚಾವನ್ನೂ ಗಿಡದ ಬುಡಕ್ಕೆ ಚೆಲ್ಲಿದ.

*

ಆರಿಸುವುದು ಪರದೆಯ ಮೇಲೆ ಬೆರಳಿಡುವಷ್ಟು ಸಣ್ಣ ಕೆಲಸ. ನಫೀಸಾ ತಾನು ಮಾಡುತ್ತೇನೆ ಅಂದಳು. ಶಾಂಭವಿ ಬೇಡವೆಂದು, ಕೈಯಲ್ಲಿ ಹಿಡಿಯುವ ಪರದೆಯೊಂದನ್ನು ತೆಗೆದುಕೊಂಡು ಮಂಚದ ಬಳಿ ಹೋದಳು.

"ಏನಾದ್ರೂ ಮಾತಾಡೋದಿದ್ರೆ ಮಾತಾಡಿ," ಅಂದರು ಡಾಕ್ಟರು ಫಕೀರಪ್ಪನಿಗೆ.

ಅವನು ಬಾಯಿ ತೆರೆಯಲಿಲ್ಲ. ಶಾಂಭವಿಯ ಕಡೆ ನೋಡಿ ಕೈಸನ್ನೆ ಮಾಡಿ ದೂರ ಕರೆದ. ಮಂಚದಿಂದ ಅಷ್ಟು ದೂರ ಬಂದ ಮೇಲೆ ಪಿಸುಗುಟ್ಟಿದ: "ಈಗ ಮಾತಾಡಿದ್ರ ಅದು ಏರಿಸತೈತಿ. ಮೊದಲ ಆರಿಸು. ಆಮ್ಯಾಲೆ ಮಾತಾಡ್ತೇನಿ."

ಅವಳು ಬೆರಳಿಟ್ಟಳು. ಕಸ್ತೂರಿಯ ಮುಖ ಒಂದಿಷ್ಟು ಕೆಳಗಿಳಿಯಿತು, ದಾರ ಸಡಿಲಿಸಿದ ಬಟ್ಟೆಯ ಹಾಗೆ. ಅಷ್ಟೇ.

ಫಕೀರಪ್ಪ ಬಗ್ಗಿ ಕಿವಿಯ ಹತ್ತಿರ ಮಾತಾಡಿದ. ಏನು ಹೇಳಿದನೆಂದು ಯಾರಿಗೂ ಕೇಳಿಸಲಿಲ್ಲ. ಉದ್ದದ್ದೇನೋ ಹೇಳಿದ, ನಡುವೆ ಒಮ್ಮೆ ನಕ್ಕ. ಮುಗಿಸಿ, ಹಣೆಯ ಎಡಬದಿಯನ್ನು ನೋಡಿದ. ಆಮೇಲೆ ಬಲಬದಿಯನ್ನು. ಹಿಂದೆ ಸರಿದು ನಿಂತ.

ಡಾಕ್ಟರು ಮತ್ತೆ ಮೊದಲಿನಿಂದ ತಟ್ಟತೊಡಗಿದರು. ಬೆಳಕಿಗೆ ಪಾಪೆ ಕುಗ್ಗಲಿಲ್ಲ: ಎರಡು, ಮೂರನೆಯ ನರಗಳು. ಹತ್ತಿಗೆ ರೆಪ್ಪೆ ಮುಚ್ಚಲಿಲ್ಲ. ಅದು ಐದು, ಏಳು. ಕಿವಿಗೆ ತಣ್ಣೀರು ಬಿಟ್ಟರೂ ಕಣ್ಣು ಹೊರಳಲಿಲ್ಲ, ಅದು ಎಂಟು. ಗಂಟಲು ಬಿಗಿಯಲಿಲ್ಲ, ಕೆಮ್ಮು ಬರಲಿಲ್ಲ. ಶಾಂಭವಿ ಮನಸ್ಸಿನಲ್ಲೇ ನರಗಳ ಹೆಸರು ಹೇಳುತ್ತ ಹೋದಳು, ಪರೀಕ್ಷೆಗೆ ಬಾಯಿಪಾಠ ಮಾಡಿದ ಕ್ರಮದಲ್ಲೇ. ಕಡೆಗೆ ಉಸಿರಿನ ಯಂತ್ರವನ್ನು ಬಿಡಿಸಿ ಎದೆಯನ್ನು ನೋಡುತ್ತ ನಿಂತರು. ಕಾಂಡದ ತೀರ ಕೆಳತುದಿಯಲ್ಲಿ ಉಸಿರಾಡು ಅನ್ನುವ ಒಂದು ಚೂರು ಇರುತ್ತದೆ. ಬೇರೆಲ್ಲ ಹೋದ ಮೇಲೂ ಅದು ಹಟ ಹಿಡಿಯುತ್ತದೆ. ಎದೆ ಏಳಲಿಲ್ಲ. ನಿಯಮದಂತೆ ಕೆಲವು ಗಂಟೆ ಬಿಟ್ಟು ಎಲ್ಲವನ್ನೂ ಇನ್ನೊಮ್ಮೆ ಮಾಡಿದರು. ಅದೇ ಉತ್ತರ ಬಂತು.

*

ದಿನಗಳು ಕಳೆದು, ಬಂದವರೆಲ್ಲ ಹೋದ ಮೇಲೆ ಒಂದು ಭಾನುವಾರ ಶಾಂಭವಿ ಆ ಮನೆಗೆ ಹೋದಳು. ಹೊರಕೋಣೆಯಲ್ಲಿದ್ದ ಮಂಚ ತೆಗೆದಿದ್ದರು. ಮಷೀನಿನ ಕೆಳಗಿನ ಪೆಟ್ಟಿಗೆಯಲ್ಲಿ ಮುಗಿಯದ ಬ್ಲೌಸೊಂದಿತ್ತು. ಅದನ್ನು ಹೊಲಿಯಲು ಕೊಟ್ಟಿದ್ದ ಹೆಂಗಸು ಬಂದು ಹಂಗ ಕೊಟ್ಟುಬಿಡ್ರಿ, ಬ್ಯಾರೆ ಕಡೆ ಹೊಲಿಸ್ತೇನಿ ಅಂದಿದ್ದಳಂತೆ. ಶಾಂಭವಿ ಅದನ್ನು ತೊಡೆಯ ಮೇಲೆ ಹರಡಿಕೊಂಡು, ತೋಳಿನ ಅಂಚನ್ನಾದರೂ ಮಡಚಿ ಕೊಡೋಣವೆಂದು ಕೂತಳು. ಅವಳಿಗೆ ಹೊಲಿಗೆ ಅಷ್ಟಕ್ಕಷ್ಟೇ. ಪಿನ್ನುಗಳನ್ನು ತುಟಿಯಲ್ಲಿ ಹಿಡಿದುಕೊಂಡಳು, ಬೇರೆಲ್ಲಿಡಬೇಕೆಂದು ತಿಳಿಯದೆ.

ಒಳಗೆ ಫಕೀರಪ್ಪ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ. ಸಾಸಿವೆ ಸಿಡಿಯುವ ಸದ್ದಿನ ಮೇಲೆ ಮಾತು ಹೊರಗೆ ಬರುತ್ತಿತ್ತು. ಯಾರಿಗೆಂದು ಆಡಿದ ಮಾತಲ್ಲ ಅದು.

"...ಆ ಮೆಕ್ಯಾನಿಕ್ ಏನಂತಾನ ಗೊತ್ತೈತೇನು, ಬ್ರೇಕ್ ನಾ ಸರಿ ಮಾಡಿದ್ದು ಅಂತಾನ. ಡಿಪೋದಾಗ ಎಲ್ಲಾರೂ ನಂಬ್ಯಾರ. ಖರೇ ಅಂದ್ರ ಬ್ರೇಕ್ ಹತ್ತಲಿಲ್ಲ, ನಾ ಒಬ್ಬನ ನಿಂತು, ಇಡೀ ಬಸ್ಸು ಒಂದ ಕೈಲೆ ತಡದು ನಿಲ್ಲಿಸಿದೆ ನೋಡು ಅವತ್ತ..."

ಅವನು ಸೌಟು ಹಿಡಿದು ಬಾಗಿಲಿಗೆ ಬಂದ. ಮಾತಿನ ಕೊನೆಗೆ ಮಂಚವಿದ್ದ ಕಡೆ ನೋಡುವುದು ಅವನಿಗೆ ರೂಢಿ. ಅಲ್ಲಿ ಶಾಂಭವಿ ಕೂತಿದ್ದಳು. ಬಾಯಲ್ಲಿ ಪಿನ್ನಿತ್ತು, ಮಾತಾಡುವಂತಿರಲಿಲ್ಲ. ಅವಳು ಏನೂ ಅಂದುಕೊಳ್ಳಲಿಲ್ಲ. ಹಣೆಯ ಬಲಕ್ಕೆ ಏನೋ ಕದಲಿತು.

ಫಕೀರಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಇದು ನಿಂದು," ಅಂದು, ಅವಲಕ್ಕಿ ಸೀಯುವ ವಾಸನೆಗೆ ಒಳಗೆ ತಿರುಗಿದ.

ಶಾಂಭವಿ ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಬಟ್ಟೆಗೆ ಚುಚ್ಚಿದಳು. ಎಲ್ಲ ತೆಗೆದ ಮೇಲೂ ಮುಖದಲ್ಲಿ ಚುಚ್ಚುವುದು ನಿಲ್ಲಲಿಲ್ಲ. ಹುಬ್ಬಿನಿಂದ ಶುರುವಾಗಿ ಕೆನ್ನೆಗೆ, ಕೆನ್ನೆಯಿಂದ ತುಟಿಗೆ ಅದು ಇಳಿಯುತ್ತಿತ್ತು, ಬಹಳ ಹೊತ್ತು ಮಡಚಿ ಕೂತ ಕಾಲಿನ ಜೋಮು ಬಿಡುವಾಗ ಚುಚ್ಚುವ ಹಾಗೆ.